ಬಾವಲಿಗಳ ಧ್ವನಿ: ಕೇಳಿಸದ್ದನ್ನು ಕೇಳುವ ವಿದ್ಯೆ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಬಾವಲಿಗಳ ಬಗ್ಗೆ ಮಾತನಾಡುತ್ತೇನೆ ಎಂದು ತಿಳಿಸಿದಾಗ ಕಾರ್ಯದರ್ಶಿಯವರು, “ಅದಕ್ಕೆ ವಿಜ್ಞಾನದ ಮೇಷ್ಟ್ರು ಇದ್ದಾರಲ್ಲಮ್ಮಾ” ಎಂದರು. ಇದ್ದಾರೆ, ನನಗಿಂತ ಚೆನ್ನಾಗಿಯೂ ಹೇಳಬಲ್ಲರು. ಆದರೆ ನಾನು ಆರಿಸಿಕೊಂಡ ವಿಷಯ ಬಾವಲಿಯ ಮೂಳೆ, ರೆಕ್ಕೆಗಳದ್ದಲ್ಲ, ಅದರ ಧ್ವನಿಯದ್ದು. ನಮ್ಮ ಕಿವಿಗೆ ಬೀಳದ ಧ್ವನಿಯನ್ನು ಯಂತ್ರದಲ್ಲಿ ಹಿಡಿದು, ಬರಹದಂತೆ ಮೂಡಿಸಿ, ಅದನ್ನು ಓದಿ, ಯಾವ ಬಾವಲಿ ಯಾವ ಹೊತ್ತಿನಲ್ಲಿ ಯಾವ ಜಾಗವನ್ನು ಬಳಸುತ್ತಿದೆ ಎಂದು ತಿಳಿಯುವ ವಿದ್ಯೆ ಅದು. ಧ್ವನಿಯನ್ನು ಅಕ್ಷರವಾಗಿ ಓದಿಸುವುದೇ ಭಾಷಾ ಶಿಕ್ಷಕರ ಕಸುಬು. ಹಾಗಾಗಿ ಇದರಲ್ಲಿ ನನಗೂ ಒಂದು ಪಾಲಿದೆ ಎಂದುಕೊಂಡಿದ್ದೇನೆ. ಮಾತಿನ ಕೊನೆಗೆ ನಮ್ಮ ಸಂಘದ ಹಳೆಯ ಶಾಲಾ ಕಟ್ಟಡದ ಬಗ್ಗೆ ಹಿರಿಯರಲ್ಲಿ ಒಂದು ಬಿನ್ನಹವೂ ಇದೆ.

ಕನ್ನಡದಲ್ಲಿ ಇದನ್ನು ಬಾವಲಿ, ತೊಗಲುಬಾವಲಿ ಎನ್ನುತ್ತೇವೆ. ಉರ್ದುವಿನಲ್ಲಿ ಚಮ್‌ಗಾದಡ್. ಫಾರಸಿಯಿಂದ ಬಂದ ಇನ್ನೊಂದು ಹೆಸರು ಶಪ್ಪರ, ಅಂದರೆ ರಾತ್ರಿ ಹಾರುವಂಥದ್ದು. ಹಗಲ ಬೆಳಕಿನಲ್ಲೂ ಕಣ್ಣು ಕಾಣದವನನ್ನು ‘ಶಪ್ಪರ ಚಶ್ಮ್’ ಎಂದು ಹಂಗಿಸುವುದು ಹಳೆಯ ಸಾಹಿತ್ಯದ ರೂಢಿ. ಮಾತು ಚಂದ, ವಿಷಯ ಮಾತ್ರ ಸರಿಯಲ್ಲ. ಯಾವ ಬಾವಲಿಯೂ ಕುರುಡಲ್ಲ. ಆಲದ ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಹಣ್ಣುಬಾವಲಿಗಳು ಕಣ್ಣು ಮತ್ತು ಮೂಗನ್ನೇ ನಂಬಿ ಬದುಕುತ್ತವೆ. ಕೀಟ ತಿನ್ನುವ ಸಣ್ಣ ಬಾವಲಿಗಳಿಗೂ ಕಣ್ಣಿದೆ. ಆದರೆ ಕತ್ತಲಲ್ಲಿ ಸೊಳ್ಳೆ, ಪತಂಗಗಳನ್ನು ಹಿಡಿಯಲು ಕಣ್ಣು ಸಾಲದು. ಅವು ಕೂಗುತ್ತವೆ, ಕೂಗು ಎದುರಿನ ವಸ್ತುವಿಗೆ ತಾಗಿ ಮರಳುವುದನ್ನು ಕೇಳುತ್ತವೆ. ಇದಕ್ಕೆ ಎಕೋಲೊಕೇಶನ್ ಎಂದು ಹೆಸರು. ಪ್ರತಿಧ್ವನಿಯಿಂದ ಸ್ಥಾನ ತಿಳಿಯುವುದು ಎಂದರೆ ಅರ್ಥವಾಗುತ್ತದೆ.

ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಒಂದು ಲೆಕ್ಕ ಮಾಡಿ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬಾವಲಿಯಿಂದ 1.7 ಮೀಟರ್ ದೂರದಲ್ಲಿ ಒಂದು ಪತಂಗ ಇದೆ ಅನ್ನೋಣ. ಕೂಗು ಹೋಗಿ ಬರುವ ದಾರಿ 3.4 ಮೀಟರ್. ಅದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ನೂರನೆಯ ಒಂದು ಭಾಗ. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಬಾವಲಿ ಹಲವು ಸಲ ಕೂಗಿ, ಕೇಳಿ, ದಿಕ್ಕು ಬದಲಿಸಿ ಆಗಿರುತ್ತದೆ. ಬೇಟೆ ಹತ್ತಿರವಾದಂತೆ ಕೂಗುಗಳು ದಟ್ಟವಾಗುತ್ತ ಹೋಗಿ, ಕೊನೆಯ ಕ್ಷಣದಲ್ಲಿ ಸೆಕೆಂಡಿಗೆ 150ಕ್ಕೂ ಮೇಲೆ ಹೋಗುತ್ತವೆ. ಯಂತ್ರದ ಮೂಲಕ ಕೇಳಿದರೆ ಅದು ‘ಜ್ರ್ರ್ರ್’ ಎಂದು ಬಟ್ಟೆ ಹರಿದ ಹಾಗಿರುತ್ತದೆ. ಇದನ್ನು ಫೀಡಿಂಗ್ ಬಝ್ ಎನ್ನುತ್ತಾರೆ. ನಾವು ಬೇಟೆಯ ಝೇಂಕಾರ ಎನ್ನೋಣ. ಈ ಝೇಂಕಾರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದನ್ನು ಮನುಷ್ಯ ಕಂಡುಕೊಂಡ ಕಥೆ ಸ್ವಲ್ಪ ವಿಚಿತ್ರ. ಇಟಲಿಯ ಪಾದ್ರಿಯೂ ವಿಜ್ಞಾನಿಯೂ ಆಗಿದ್ದ ಸ್ಪಲಂಝಾನಿ 1793ರಲ್ಲಿ ಕಣ್ಣಿಲ್ಲದ ಬಾವಲಿಯೂ ಯಾವ ಅಡ್ಡಿಗೂ ತಾಗದೆ ಹಾರುವುದನ್ನು ಪ್ರಯೋಗದಿಂದ ತೋರಿಸಿದ. ಅದೇ ಕತ್ತಲಲ್ಲಿ ಗೂಬೆ ತಡಬಡಾಯಿಸಿತು. ಜಿನೀವಾದ ಝೂರಿನ್ ಎಂಬಾತ ಬಾವಲಿಯ ಕಿವಿ ಮುಚ್ಚಿ ನೋಡಿದ. ಆಗ ಬಾವಲಿ ಎಲ್ಲದಕ್ಕೂ ಡಿಕ್ಕಿ ಹೊಡೆಯಿತು. ಉತ್ತರ ಅಲ್ಲೇ ಇತ್ತು. ಆದರೆ ಬಾವಲಿ ಸದ್ದೇ ಮಾಡುವುದಿಲ್ಲವಲ್ಲ, ಕಿವಿಯಿಂದ ನೋಡುವುದು ಹೇಗೆ ಎಂದು ದೊಡ್ಡ ದೊಡ್ಡವರೇ ತಳ್ಳಿಹಾಕಿದರು. 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಒಂದು ಪಂಜರದಲ್ಲಿ ಬಾವಲಿಗಳನ್ನು ಇಟ್ಟುಕೊಂಡು ಭೌತವಿಜ್ಞಾನಿ ಪಿಯರ್ಸ್ ಅವರ ಪ್ರಯೋಗಾಲಯಕ್ಕೆ ಹೋದ. ಪಿಯರ್ಸ್ ಬಳಿ ಮನುಷ್ಯನ ಕಿವಿಗೆ ಮೀರಿದ ಶಬ್ದವನ್ನು ಹಿಡಿಯುವ ಉಪಕರಣವಿತ್ತು. ಅದರ ಮುಂದೆ ಪಂಜರ ಇಟ್ಟರೆ, ಮೌನಿ ಎಂದುಕೊಂಡಿದ್ದ ಪ್ರಾಣಿ ಎಡೆಬಿಡದೆ ಕೂಗುತ್ತಿತ್ತು! ಗ್ರಿಫಿನ್ ಮತ್ತು ಆತನ ಸಹಪಾಠಿ ಗಲಾಂಬೋಸ್ ಮುಂದಿನ ವರ್ಷಗಳಲ್ಲಿ ಇದನ್ನು ಪೂರ್ತಿ ಸಾಬೀತುಪಡಿಸಿದರು. ಎಕೋಲೊಕೇಶನ್ ಎಂಬ ಪದವನ್ನು 1944ರಲ್ಲಿ ಟಂಕಿಸಿದವನೂ ಗ್ರಿಫಿನ್ನನೇ. ನೂರ ನಲವತ್ತೈದು ವರ್ಷ ಕೊರತೆಯಾಗಿದ್ದದ್ದು ಬುದ್ಧಿಯದ್ದಲ್ಲ, ಒಂದು ಕಿವಿಯದ್ದು.

ಈಗ ನಮ್ಮ ನಾಡಿಗೆ ಬರೋಣ. ಈ ವಿದ್ಯೆಯ ಎರಡು ತುದಿಗಳನ್ನು ತೋರಿಸುವ ಎರಡು ಗುಹೆಗಳು ಕರ್ನಾಟಕದಲ್ಲೇ ಇವೆ.

ಒಂದು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಕಾಡಿನಲ್ಲಿರುವ ಬಾರಾಪೇಡೆ ಗುಹೆ. 1913ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ರಾಟನ್ ಬಿಡಿಬಾಲದ ಬಾವಲಿ ಇಲ್ಲಿದೆ. ಬಹುಕಾಲ ಪ್ರಪಂಚದಲ್ಲಿ ಇದೊಂದೇ ನೆಲೆ ಎಂದು ತಿಳಿದಿದ್ದರು. ಈಚೆಗೆ ಮೇಘಾಲಯದಲ್ಲೂ ಸಿಕ್ಕಿದೆ. ಕಿರಿದಾದ ಉದ್ದ ರೆಕ್ಕೆ, ದೊಡ್ಡ ಕಿವಿ. ಮರಗಳ ಮೇಲೆ ಬಯಲು ಆಕಾಶದಲ್ಲಿ ವೇಗವಾಗಿ ಹಾರುವ ಜಾತಿ. ಕಾದಂಬರಿ ದೇಶಪಾಂಡೆ ಮತ್ತು ನಚಿಕೇತ್ ಕೇಳ್ಕರ್ ಎಂಬ ಸಂಶೋಧಕರು ಇದರ ಮತ್ತು ಇದರ ಬಂಧುಗಳ ಧ್ವನಿಯನ್ನು ದಾಖಲಿಸಿ 2015ರಲ್ಲಿ ಪ್ರಕಟಿಸಿದರು. ಇದರ ಕೂಗು ಸುಮಾರು 15 ಕಿಲೋಹರ್ಟ್ಸ್. ಮನುಷ್ಯರ ಶ್ರವಣದ ಮಿತಿ 20 ಕಿಲೋಹರ್ಟ್ಸ್ ಎಂದು ನೀವು ಓದಿದ್ದೀರಿ. ಅಂದರೆ ಇದು ಯಂತ್ರವಿಲ್ಲದೆ ಕೇಳಿಸುವ ಬಾವಲಿ. ಆದರೆ ವಯಸ್ಸಾದಂತೆ ನಮ್ಮ ಕಿವಿ ಮೇಲಿನ ಸ್ವರಗಳನ್ನು ಕಳೆದುಕೊಳ್ಳುತ್ತದೆ. ಆ ಗುಹೆಯ ಬಾಯಿಯಲ್ಲಿ ಎಲ್ಲರೂ ಸಾಲಾಗಿ ನಿಂತರೆ ಮುಂದಿನ ಬೆಂಚಿನ ಮಕ್ಕಳಿಗೆ ಅದು ಕೇಳಿಸುತ್ತದೆ, ವೇದಿಕೆಯ ಮೇಲಿನ ಹಿರಿಯರಿಗೆ ಬಹುಶಃ ಕೇಳಿಸುವುದಿಲ್ಲ. (ಇಲ್ಲಿ ಸಭೆಯಲ್ಲಿ ನಗು ಬಂತು. ನಗಬೇಡಿ, ನಿಮ್ಮ ಸರದಿಯೂ ಬರುತ್ತದೆ.)

ಇನ್ನೊಂದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆ. ಅಲ್ಲಿರುವುದು ಕೋಲಾರ ಎಲೆಮೂಗಿನ ಬಾವಲಿ. ಮೂಗಿನ ಮೇಲೆ ಎಲೆಯಂಥ ಮಡಿಕೆಗಳಿರುವುದರಿಂದ ಆ ಹೆಸರು. 1994ರಲ್ಲಿ ಕೊಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ಇದನ್ನು ಹೊಸ ಜಾತಿ ಎಂದು ವಿವರಿಸಿದರು. ಮೊದಲು ಕೋಲಾರದಲ್ಲೇ ಎರಡು ಕಡೆ ಕಂಡಿದ್ದ ಈ ಪ್ರಾಣಿ ಈಗ ಒಂದೇ ಗುಹೆಯಲ್ಲಿ ಉಳಿದಿದೆ. ಇರುವುದು ಇನ್ನೂರರ ಒಳಗೆ ಎಂಬುದು ಅಂದಾಜು. ಆಸುಪಾಸಿನ ಗ್ರಾನೈಟ್ ಗಣಿಗಾರಿಕೆ ಇದಕ್ಕೆ ಒದಗಿದ ದೊಡ್ಡ ಅಪಾಯ. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೇಲ್ಮಲ ಶ್ರೀನಿವಾಸುಲು ಮತ್ತು ಅವರ ಜೊತೆಗಾರರು 2015ರಲ್ಲಿ ಪ್ರಕಟಿಸಿದಂತೆ ಇದರ ಕೂಗು ಸುಮಾರು 103ರಿಂದ 105 ಕಿಲೋಹರ್ಟ್ಸ್.

15 ಮತ್ತು 104. ಈ ಎರಡು ಅಂಕಿಗಳಲ್ಲಿ ಎರಡು ಬಾಳುವೆಗಳಿವೆ. ಶಬ್ದದ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ: 15 ಕಿಲೋಹರ್ಟ್ಸಿಗೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, 104ಕ್ಕೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಚಿಕ್ಕ ತರಂಗ ಚಿಕ್ಕ ವಸ್ತುವನ್ನು ಚೆನ್ನಾಗಿ ತೋರಿಸುತ್ತದೆ. ಎಲೆಗಳ ನಡುವೆ ರೆಕ್ಕೆ ಬಡಿಯುವ ಪುಟ್ಟ ಕೀಟವೂ ತಿಳಿಯುತ್ತದೆ. ಆದರೆ ಇಷ್ಟು ಎತ್ತರದ ಸ್ವರವನ್ನು ಗಾಳಿ ಬೇಗ ನುಂಗಿಬಿಡುತ್ತದೆ, ಕೆಲವು ಮೀಟರ್ ಹೋಗುವಷ್ಟರಲ್ಲಿ ಸೋತುಹೋಗುತ್ತದೆ. ತಗ್ಗಿನ ಸ್ವರ ದೂರ ಹೋಗುತ್ತದೆ, ಆದರೆ ಅದು ದೊಡ್ಡ ಹುಳುಗಳಿಗೇ ಸರಿ. ಬಯಲಿನಲ್ಲಿ ವೇಗವಾಗಿ ಹೋಗುವವನಿಗೆ ದೂರದ ಸುದ್ದಿ ಬೇಕು. ಪೊದೆಯ ಸಂದಿಯಲ್ಲಿ ನುಸುಳುವವನಿಗೆ ಹತ್ತಿರದ ಸೂಕ್ಷ್ಮ ಬೇಕು. ಆದ್ದರಿಂದಲೇ ಒಂದು ಬಾವಲಿಯ ಸ್ವರ ಕೇಳಿದರೆ ಅದು ಎಂಥ ಜಾಗದಲ್ಲಿ ಬದುಕುತ್ತದೆ ಎಂದು ಬಹುಪಾಲು ಊಹಿಸಬಹುದು. ಊರಿನವರ ಮಾತಿನ ಧಾಟಿ ಕೇಳಿ ಇವರು ಧಾರವಾಡದ ಕಡೆಯವರು, ಇವರು ಮಂಗಳೂರಿನ ಕಡೆಯವರು ಎಂದು ಹೇಳುವುದಿಲ್ಲವೇ, ಹಾಗೆ.

ಇದನ್ನು ದಕ್ಷಿಣ ಭಾರತದಲ್ಲೇ ಬಹಳ ಸೊಗಸಾಗಿ ತೋರಿಸಿದವರಿದ್ದಾರೆ. ಜರ್ಮನಿಯ ಗೆರ್ಹಾರ್ಡ್ ನಾಯ್‌ವೈಲರ್ ಮತ್ತು ಭಾರತೀಯ ಸಂಗಡಿಗರು ಮದುರೆಯ ಸುತ್ತಲಿನ ಬಾವಲಿಗಳನ್ನು ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದ ಕೆಲಸ ಇಂದಿಗೂ ಉದ್ಧರಿಸಲ್ಪಡುತ್ತದೆ. ಒಂದೇ ಊರಿನ ಆಕಾಶವನ್ನು ಆ ಬಾವಲಿಗಳು ಮಾಳಿಗೆ ಮಾಳಿಗೆಯಾಗಿ ಹಂಚಿಕೊಂಡಿದ್ದವು. ಬಿಡಿಬಾಲದವು ಮತ್ತು ಇಲಿಬಾಲದವು ಎಲ್ಲಕ್ಕಿಂತ ಮೇಲೆ. ಗೋರಿ ಬಾವಲಿಗಳು ಮರಗಳ ನೆತ್ತಿಯ ಮೇಲೆ. ಪುಟ್ಟ ಪಿಪಿಸ್ಟ್ರೆಲ್‌ಗಳು ಮರಗಳ ನಡುವಿನ ತೆರಪಿನಲ್ಲಿ. ಎಲೆಮೂಗಿನವು ಎಲೆಗಳಿಗೆ ತಾಗಿದಂತೆ. ಇನ್ನೊಂದು ಜಾತಿ ನೆಲದ ಹತ್ತಿರ ಸುಳಿದು, ಕಪ್ಪೆ, ಇಲಿಗಳ ಸಪ್ಪಳ ಆಲಿಸಿಯೇ ಅವನ್ನು ಎತ್ತಿಕೊಳ್ಳುತ್ತಿತ್ತು. ಪ್ರತಿಯೊಂದರ ಕೂಗೂ, ಅದರ ಕಿವಿ ಅತಿ ಚುರುಕಾಗಿರುವ ಸ್ವರವೂ ಅದರ ಮಾಳಿಗೆಗೆ ಹೊಂದುತ್ತಿತ್ತು. (ಗೋರಿ ಬಾವಲಿ ಎಂದರೆ ಹೆದರಬೇಡಿ. ಈಜಿಪ್ಟಿನ ಹಳೆಯ ಗೋರಿಗಳಲ್ಲಿ ಮೊದಲು ಸಿಕ್ಕಿದ್ದರಿಂದ ಬಂದ ಹೆಸರು. ಹಳೆಯ ಕೋಟೆ, ಗುಮ್ಮಟಗಳ ಬಿರುಕುಗಳು ಅದಕ್ಕೆ ಪ್ರಿಯ.)

ಇನ್ನು ಓದುವ ಕ್ರಮ. ಎತ್ತರದ ಸ್ವರವನ್ನು ದಾಖಲಿಸಬೇಕಾದರೆ ಅದರ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಪ್ರತಿ ಸೆಕೆಂಡಿಗೆ ಅಳತೆ ತೆಗೆಯಬೇಕು. ನಿಮ್ಮ ಮೊಬೈಲ್ ಸಾಮಾನ್ಯವಾಗಿ 48 ಸಾವಿರ ಸಲ ತೆಗೆಯುತ್ತದೆ. ಅದಕ್ಕೆ 24 ಕಿಲೋಹರ್ಟ್ಸಿನ ಆಚೆಗಿನದು ಸಿಗದು. ಆಡಿಯೋಮಾತ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ 3,84,000 ಸಲ ತೆಗೆಯಬಲ್ಲದು. ಅದನ್ನು ಮರಕ್ಕೆ ಕಟ್ಟಿ ಬಂದರೆ ರಾತ್ರಿಯಿಡೀ ತಾನೇ ಕೇಳಿ ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ. ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿ ಹತ್ತು ಪಟ್ಟು ನಿಧಾನ ಮಾಡಿ ಕೇಳಿದರೆ 104 ಕಿಲೋಹರ್ಟ್ಸಿನ ಕೂಗು 10.4ಕ್ಕೆ ಇಳಿದು ನಮ್ಮ ಕಿವಿಗೂ ಬೀಳುತ್ತದೆ.

ಆದರೆ ಕೇಳುವುದಕ್ಕಿಂತ ನೋಡುವುದೇ ಹೆಚ್ಚು ಉಪಯೋಗ. ಪರದೆಯ ಮೇಲೆ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಪ್ರತಿ ಕೂಗೂ ಒಂದು ಅಕ್ಷರದಂತೆ ಮೂಡುತ್ತದೆ. ಎಲೆಮೂಗಿನ ಬಾವಲಿಯದು ಮಲಗಿಸಿದ ಅಲಿಫ್, ತುದಿಯಲ್ಲಿ ಕೆಳಕ್ಕೆ ಜಾರಿದ ಒಂದು ಸಣ್ಣ ಬಾಲ. ಪಿಪಿಸ್ಟ್ರೆಲ್‌ನದು ಮೇಲಿನಿಂದ ಸರ್ರನೆ ಇಳಿದು ತಳದಲ್ಲಿ ಬಲಕ್ಕೆ ಚಾಚುತ್ತದೆ. ಉರ್ದು ಓದುವ ಮಕ್ಕಳೇ, ಲಾಮ್ ಅಕ್ಷರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ನಾನು ಇಂಥ ಚಿತ್ರವೊಂದನ್ನು ಮುದ್ರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ನೋಡಿ, “ಆಪಾ, ಇದರಲ್ಲಿ ನುಕ್ತಾ ಎಲ್ಲಿ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಚುಕ್ಕೆಗಳು ಬದಲಾದರೆ ಬೇ ಹೋಗಿ ತೇ ಆಗುವ ಹಾಗೆ, ಇಲ್ಲಿಯೂ ಸಣ್ಣ ವ್ಯತ್ಯಾಸ ದೊಡ್ಡ ಅರ್ಥ ಕೊಡುತ್ತದೆ.

ಅದಕ್ಕೊಂದು ಪ್ರಸಿದ್ಧ ಉದಾಹರಣೆ ಬ್ರಿಟನ್ನಿನದು. ಅಲ್ಲಿನ ಊರುಕೇರಿಗಳಲ್ಲಿ ಅತಿ ಸಾಮಾನ್ಯವಾದ ಪಿಪಿಸ್ಟ್ರೆಲ್ ಬಾವಲಿಯನ್ನು ಒಂದೇ ಜಾತಿ ಎಂದು ಎಲ್ಲರೂ ತಿಳಿದಿದ್ದರು. 1993ರಲ್ಲಿ ಗ್ಯಾರೆತ್ ಜೋನ್ಸ್ ಮತ್ತು ಸೋಫಿ ವಾನ್ ಪರೈಸ್ ಎಂಬ ಸಂಶೋಧಕರು, ಇವುಗಳಲ್ಲಿ ಕೆಲವು 45 ಕಿಲೋಹರ್ಟ್ಸಿನ ಸುತ್ತ ಕೂಗುತ್ತವೆ, ಕೆಲವು 55ರ ಸುತ್ತ. ಎರಡೂ ಬೇರೆ ಬೇರೆ ಗುಂಪಾಗಿ ವಾಸಿಸುತ್ತವೆ ಎಂದು ತೋರಿಸಿದರು. 1997ರಲ್ಲಿ ಡಿಎನ್‌ಎ ಪರೀಕ್ಷೆ ಅವು ಎರಡು ಜಾತಿಗಳೇ ಎಂದು ಖಚಿತಪಡಿಸಿತು. ಎಷ್ಟೋ ತಲೆಮಾರುಗಳ ಪ್ರಾಣಿಶಾಸ್ತ್ರಜ್ಞರು ಕೈಯಲ್ಲಿ ಹಿಡಿದು ನೋಡಿಯೂ ಕಾಣದ್ದು ಧ್ವನಿಯಲ್ಲಿ ಸಿಕ್ಕಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಂದು ಜಾಗವನ್ನು ಬಾವಲಿಗಳು ಎಷ್ಟು ಬಳಸುತ್ತವೆ ಎಂದು ಧ್ವನಿಯಿಂದ ಅಳೆಯುವುದು ಹೇಗೆ? ಒಂದು ಬಾವಲಿ ಕೂಗುತ್ತ ಯಂತ್ರದ ಮುಂದೆ ಹಾದುಹೋಗುವುದನ್ನು ಒಂದು ‘ಹಾಯುವಿಕೆ’ ಎಂದು ಎಣಿಸುತ್ತಾರೆ. ಗಂಟೆಗೆ, ರಾತ್ರಿಗೆ ಇಂಥವು ಎಷ್ಟು ಎಂದು ಬರೆಯುತ್ತಾರೆ. ಅದರಲ್ಲಿ ಬೇಟೆಯ ಝೇಂಕಾರ ಎಷ್ಟು ಎಂದು ಬೇರೆ ಎಣಿಸುತ್ತಾರೆ. ಹಾಯುವಿಕೆ ಹೆಚ್ಚಿದ್ದು ಝೇಂಕಾರವೇ ಇಲ್ಲದಿದ್ದರೆ ಅದು ದಾರಿ. ಝೇಂಕಾರ ಹೆಚ್ಚಿದ್ದರೆ ಅದು ಊಟದ ಮನೆ. ಎರಡನ್ನೂ ಕಾಪಾಡಬೇಕಾದ ರೀತಿ ಬೇರೆ.

ಇಲ್ಲಿ ಎಚ್ಚರ ತಪ್ಪಬಾರದು. ಯಂತ್ರ ಹತ್ತು ಹಾಯುವಿಕೆ ಬರೆದರೆ ಹತ್ತು ಬಾವಲಿಗಳು ಎಂದರ್ಥವಲ್ಲ. ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು ಹತ್ತು ಸಲ ಕೇಳಿದರೆ ಹತ್ತು ಗಾಡಿ ಬಂದವೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ತಿಳಿದವರು ‘ಸಂಖ್ಯೆ’ ಎನ್ನುವುದಿಲ್ಲ, ‘ಚಟುವಟಿಕೆ’ ಎನ್ನುತ್ತಾರೆ. ಎರಡನೆಯದಾಗಿ, ತರಕಾರಿಯವನ ಕೂಗು ಬೀದಿಯ ಕೊನೆಗೂ ಕೇಳುತ್ತದೆ; ಅದೇ ಬೀದಿಯ ದರ್ಜಿ ಅಳತೆ ಹೇಳಿ ಬರೆಸುವುದು ಅಂಗಡಿಯ ಹೊರಗೆ ಕೇಳುವುದಿಲ್ಲ. ಹಾಗೆಂದು ಬೀದಿಯಲ್ಲಿ ದರ್ಜಿಯೇ ಇಲ್ಲ ಎನ್ನಬಹುದೇ? ಬೆಳಗಾವಿಯ ಬಾವಲಿಯ ಸ್ವರ ದೂರದಿಂದಲೇ ಯಂತ್ರಕ್ಕೆ ಸಿಗುತ್ತದೆ. ಕೋಲಾರದ್ದು ಯಂತ್ರದ ಮೂಗಿನ ಮುಂದೆ ಬಂದರೆ ಮಾತ್ರ ಸಿಗುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಅಪರೂಪವಾಗಿರುವ ಮೆಲುದನಿಯದಕ್ಕೇ ಅನ್ಯಾಯ. ಮೂರನೆಯದು, ಜಾತಿಯ ಹೆಸರನ್ನು ತಾನೇ ಹೇಳುವ ಸಾಫ್ಟ್‌ವೇರುಗಳು. ಅವು ಕಲಿತ ಪಾಠದಷ್ಟೇ ಹೇಳುತ್ತವೆ. ಯುರೋಪಿನ ಬಾವಲಿಗಳ ಧ್ವನಿ ಕೇಳಿ ಕಲಿತದ್ದನ್ನು ನಮ್ಮ ಊರಿನಲ್ಲಿ ಓಡಿಸಿದರೆ ಅದು ಇಲ್ಲಿಲ್ಲದ ಜಾತಿಯ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ. ಪರೀಕ್ಷೆಯಲ್ಲಿ ಗೈಡ್ ಬಾಯಿಪಾಠ ಮಾಡಿದ ವಿದ್ಯಾರ್ಥಿಯ ಉತ್ತರದಂತೆ!

ಈ ಎಲ್ಲ ಎಚ್ಚರದಿಂದ ಮಾಡಿದ ಒಂದು ಅಧ್ಯಯನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಮಿಳುನಾಡಿನ ಆನೆಮಲೆ ಬೆಟ್ಟಗಳ ವಾಲ್ಪಾರೆಯಲ್ಲಿ ಚಹಾ ತೋಟಗಳೇ ಹೆಚ್ಚು. ನಡುನಡುವೆ ಕಾಡಿನ ತುಣುಕುಗಳು, ಹೊಳೆಗಳು, ಕಾಡುಮರಗಳ ನೆರಳಿನ ಕಾಫಿ ತೋಟಗಳು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಕ್ಲೇರ್ ವರ್ಡ್ಲಿ, ಜಾನ್ ಆಲ್ಟ್ರಿಂಗ್‌ಹ್ಯಾಮ್, ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮಹೇಶ್ ಶಂಕರನ್ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ದಿವ್ಯಾ ಮುದ್ದಪ್ಪ ಸೇರಿ ಅಲ್ಲಿ ಕೆಲಸ ಮಾಡಿದರು. ಮೊದಲು ಬಾವಲಿಗಳನ್ನು ಬಲೆಯಲ್ಲಿ ಹಿಡಿದು, ಗುರುತಿಸಿ, ಬಿಡುವಾಗ ಧ್ವನಿ ದಾಖಲಿಸಿ, ಒಂದು ರೀತಿಯ ನಿಘಂಟು ಮಾಡಿಕೊಂಡರು. ಆಮೇಲೆ ಆ ನಿಘಂಟಿನ ಸಹಾಯದಿಂದ ರಾತ್ರಿಯ ಧ್ವನಿಗಳನ್ನು ಓದಿದರು. ಯಂತ್ರಕ್ಕೆ ಸಿಗದ ಮೆಲುದನಿಯವಕ್ಕೆ ಬಲೆ, ಬಲೆಗೆ ಸಿಗದೆ ಎತ್ತರದಲ್ಲಿ ಹಾರುವವಕ್ಕೆ ಯಂತ್ರ. ಹತ್ತು ಜಾತಿಗಳ ಬಗ್ಗೆ 2015ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹೆಚ್ಚಿನವು ಕಾಡಿನ ತುಣುಕುಗಳನ್ನೂ ಕಾಡುಮರಗಳ ನೆರಳಿನ ಕಾಫಿಯನ್ನೂ ಒಪ್ಪಿಕೊಂಡಿದ್ದವು; ಚಹಾ ತೋಟವನ್ನು ಕಡೆಗಣಿಸಿದ್ದವು; ಎರಡು ಜಾತಿಗಳಂತೂ ಚಹಾ ತೋಟದಲ್ಲಿ ಒಮ್ಮೆಯೂ ದಾಖಲಾಗಲಿಲ್ಲ. ಇನ್ನೊಂದು ವಿಷಯ ನನಗೆ ಹೆಚ್ಚು ಹಿಡಿಸಿತು. ದೊಡ್ಡ ವಿಸ್ತಾರದ ಲೆಕ್ಕಕ್ಕಿಂತ, ಆ ಜಾಗದ ಸುತ್ತ 100ರಿಂದ 500 ಮೀಟರ್ ಒಳಗೆ ಏನಿದೆ, ನೀರು ಎಷ್ಟು ದೂರ ಎಂಬುದೇ ಬಾವಲಿ ಬರುವುದನ್ನು ನಿರ್ಧರಿಸುತ್ತಿತ್ತು.

ನೂರರಿಂದ ಐನೂರು ಮೀಟರ್! ಇದು ಸರ್ಕಾರ ಮಾತ್ರ ನಿರ್ಧರಿಸುವ ಅಳತೆಯಲ್ಲ. ಒಂದು ತೋಟದ, ಒಂದು ಕೆರೆ ಏರಿಯ, ಒಂದು ಶಾಲೆಯ ಆವರಣದ ಅಳತೆ. ಕೊಡಗು, ಚಿಕ್ಕಮಗಳೂರಿನ ತೋಟದ ಕಡೆಯಿಂದ ಬಂದು ನಮ್ಮ ಹಾಸ್ಟೆಲಿನಲ್ಲಿ ಓದುತ್ತಿರುವ ಮಕ್ಕಳು ಊರಿಗೆ ಹೋದಾಗ ಕಾಡುಮರ ತೆಗೆದು ಸಿಲ್ವರ್ ಓಕ್ ನೆಡುವ ಮಾತು ಬಂದರೆ ಇದನ್ನು ನೆನಪಿಗೆ ತಂದುಕೊಳ್ಳಿ. ವಾಲ್ಪಾರೆಯಲ್ಲಿ ಬಾವಲಿಗಳು ಮೆಚ್ಚಿದ್ದು ಕಾಡುಮರದ ನೆರಳನ್ನು.

ಬೆಳಕಿನ ಮಾತೂ ಹೀಗೆಯೇ. ಇಂಗ್ಲೆಂಡಿನಲ್ಲಿ ಎಮ್ಮಾ ಸ್ಟೋನ್ ಮತ್ತು ಸಂಗಡಿಗರು ಲಾಳಮೂಗಿನ ಸಣ್ಣ ಬಾವಲಿಗಳು ದಿನವೂ ಹಾಯುವ ಬೇಲಿಸಾಲಿನ ಬಳಿ ಬೀದಿ ದೀಪದಂಥ ದೀಪಗಳನ್ನು ಹಚ್ಚಿ ನೋಡಿದರು. ಚಟುವಟಿಕೆ ತೀರ ಕುಸಿಯಿತು ಎಂದು 2009ರಲ್ಲಿ ವರದಿ ಮಾಡಿದರು. ಬೀದಿ ದೀಪಕ್ಕೆ ಮುತ್ತುವ ಹುಳುಗಳನ್ನು ಹಿಡಿಯಲು ಬರುವ ಬಾವಲಿಗಳೂ ಇವೆ. ಅವುಗಳನ್ನೇ ನೋಡಿ ‘ದೀಪ ಹಾಕಿದರೆ ಬಾವಲಿಗೆ ಒಳ್ಳೆಯದು’ ಎಂದರೆ ಮರೆಯಾದವನ್ನು ಲೆಕ್ಕಕ್ಕೆ ತೆಗೆದುಕೊಂಡಂತಾಗುವುದಿಲ್ಲ.

ಹಿರಿಯರ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು: ರೋಗದ ಮಾತೇನು? 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಬಂದು ಜನ ಸತ್ತದ್ದು ಸುಳ್ಳಲ್ಲ. ದೊಡ್ಡ ಹಣ್ಣುಬಾವಲಿಗಳಲ್ಲಿ ಆ ವೈರಸ್ ಇರುವುದೂ ನಿಜ. 2020ರ ನಂತರ ಭಯ ಇನ್ನೂ ಹೆಚ್ಚಿತು. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ತಿನ್ನಬಾರದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಹಿಕ್ಕೆಯನ್ನು ಒಣಗಿದ ಹಾಗೆಯೇ ಗುಡಿಸಿ ಧೂಳೆಬ್ಬಿಸಬಾರದು. ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆಯಬೇಕು. ಇದನ್ನು ಮಕ್ಕಳಿಗೆ ನಾನೇ ಕಟ್ಟುನಿಟ್ಟಾಗಿ ಹೇಳುತ್ತೇನೆ. ಆದರೆ ಬೆಂಕಿ ಹೊಗೆ ಹಾಕಿ ಓಡಿಸಿದರೆ ಅವು ಗಾಬರಿಯಿಂದ ಊರೆಲ್ಲ ಚದುರುತ್ತವೆ, ಅಪಾಯ ಕಡಿಮೆಯಾಗುವುದಿಲ್ಲ. ಧ್ವನಿಯಿಂದ ಅಧ್ಯಯನ ಮಾಡುವುದರ ದೊಡ್ಡ ಗುಣವೂ ಇದೇ: ಮುಟ್ಟುವುದೇ ಬೇಡ. ಬಲೆ ಹಾಕುವುದು ಅನುಮತಿ ಮತ್ತು ತರಬೇತಿ ಇದ್ದವರ ಕೆಲಸ. ಕೇಳುವುದು ಎಲ್ಲರ ಕೆಲಸ. ನಮ್ಮ ದೇಶದ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾವಲಿಗಳನ್ನು 1972ರಿಂದ ಬಹುಕಾಲ ಪಿಡುಗು ಜೀವಿಗಳ ಪಟ್ಟಿಯಲ್ಲಿ, ಇಲಿ ಕಾಗೆಗಳ ಜೊತೆಗೆ ಇಡಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು. ಕಾನೂನು ಬದಲಾಗಿದೆ, ನಮ್ಮ ಪೊರಕೆ ಬದಲಾಗಬೇಕಾಗಿದೆ.

ಇನ್ನು ನನ್ನ ಬಿನ್ನಹ. ಸಂಘದ ಹಳೆಯ ಶಾಲಾ ಕಟ್ಟಡದ ಹೆಂಚಿನ ಮಾಡನ್ನು ಈ ಬೇಸಿಗೆಯಲ್ಲಿ ದುರಸ್ತಿ ಮಾಡಿಸಿ, ಗೋಡೆಯ ಮೇಲಿನ ಕಿಂಡಿಗಳನ್ನೆಲ್ಲ ಸಿಮೆಂಟ್ ಹಾಕಿ ಮುಚ್ಚುವುದೆಂದು ತೀರ್ಮಾನವಾಗಿದೆ. ಮಾಡು ಸೋರುತ್ತಿದೆ, ದುರಸ್ತಿ ಆಗಲೇಬೇಕು. ವರಾಂಡದಲ್ಲಿ ಹಿಕ್ಕೆ ಬೀಳುತ್ತದೆ ಎಂಬ ದೂರೂ ನ್ಯಾಯವಾದದ್ದೇ. ಗುಡಿಸುವ ಖಾಲಾಜಾನ್ ನನ್ನ ಬಳಿಯೇ ಎಷ್ಟೋ ಸಲ ಹೇಳಿದ್ದಾರೆ. ಆದರೆ ಆ ಕಿಂಡಿಗಳಲ್ಲಿ ಯಾವ ಜಾತಿಯವು ಇವೆ, ಎಷ್ಟು ಇವೆ, ಮರಿಗಳಿವೆಯೇ ಎಂದು ನಾವು ಯಾರೂ ನೋಡಿಲ್ಲ. ಬಾವಲಿಯ ಮರಿ ಹುಟ್ಟಿದ ಮೇಲೆ ಕೆಲವು ವಾರ ಹಾರಲಾರದು. ಸಂಜೆ ತಾಯಂದಿರು ಹೊರಗೆ ಹೋದಾಗ ಕಿಂಡಿ ಮುಚ್ಚಿದರೆ ಒಳಗಿನ ಮರಿಗಳೆಲ್ಲ ಸಾಯುತ್ತವೆ, ನಾತ ತರಗತಿಗೇ ಬರುತ್ತದೆ. ಮೊದಲು ಒಂದು ತಿಂಗಳು ಎಣಿಸೋಣ. ಮರಿಗಳಿದ್ದರೆ ಅವು ಹಾರುವವರೆಗೆ ಆ ಒಂದು ಭಾಗದ ಕೆಲಸ ಮಾತ್ರ ತಡೆಯೋಣ. ಆಮೇಲೂ ತರಗತಿಯ ಮೇಲಿನ ಕಿಂಡಿ ಮುಚ್ಚಲೇಬೇಕಾದರೆ, ಹೊರಗೆ ಬರಲು ಆಗುವಂತೆ, ಒಳಗೆ ಹೋಗಲು ಆಗದಂತೆ ಬಲೆಯ ಪರದೆ ಇಳಿಬಿಟ್ಟು, ಎಲ್ಲವೂ ಹೊರಟ ಮೇಲೆ ಮುಚ್ಚೋಣ. ಉಗ್ರಾಣದ ಕಡೆಯ ಕಿಂಡಿಗಳನ್ನು ಹಾಗೆಯೇ ಬಿಡೋಣ. ಹಿತ್ತಲ ಗೋಡೆಗೆ ಹಾಕಬೇಕೆಂದಿರುವ ಎಲ್‌ಇಡಿ ದೀಪವನ್ನು ಗೇಟಿನ ಕಡೆಗೆ ತಿರುಗಿಸಿದರೆ ಸಾಕು. ಜೊತೆಗೆ, ಧ್ವನಿ ದಾಖಲಿಸುವ ಒಂದು ಯಂತ್ರವನ್ನು ಸಂಘದ ಗ್ರಂಥಾಲಯಕ್ಕೆ ತರಿಸಿಕೊಡಬೇಕೆಂದು ಕೋರುತ್ತೇನೆ. ಅದು ಒಂದು ಸಾಧಾರಣ ಸ್ಮಾರ್ಟ್‌ಫೋನಿನ ಬೆಲೆಯ ಆಸುಪಾಸಿನದು. ಪುಸ್ತಕದಂತೆ ಅದನ್ನೂ ವಿದ್ಯಾರ್ಥಿಗಳು ಎರವಲು ಪಡೆದು ತಮ್ಮ ಊರಿನ ಕೆರೆ, ತೋಪು, ಹಳೆಯ ಬಾವಿಗಳ ಬಳಿ ಕಟ್ಟಿ ಬರಲಿ.

ಯಂತ್ರ ಬರುವವರೆಗೆ ಕಣ್ಣಿನಿಂದ ಶುರು ಮಾಡೋಣ. ಬರುವ ಶನಿವಾರ ಸೂರ್ಯಾಸ್ತಕ್ಕೆ ಹದಿನೈದು ನಿಮಿಷ ಮೊದಲು ಹಿತ್ತಲ ಗೇಟಿನ ಬಳಿ ಸೇರುತ್ತೇವೆ. ಪ್ರತಿ ಕಿಂಡಿಗೆ ಇಬ್ಬರು: ಒಬ್ಬರು ಹೊರಗೆ ಬರುವವನ್ನು, ಇನ್ನೊಬ್ಬರು ಒಳಗೆ ಮರಳುವವನ್ನು ಎಣಿಸಬೇಕು, ಮೊದಲಿನದರಿಂದ ಎರಡನೆಯದನ್ನು ಕಳೆಯಬೇಕು. ಒಂದು ಗಂಟೆ ಸಾಕು. ನೋಟ್‌ಬುಕ್ಕಿನಲ್ಲಿ ದಿನಾಂಕ, ಮೊದಲನೆಯದು ಹೊರಟ ಸಮಯ, ಮೋಡ, ಗಾಳಿ, ಮಳೆ, ಹತ್ತಿರ ದೀಪ ಉರಿಯುತ್ತಿತ್ತೇ ಎಂಬ ಕಾಲಂಗಳಿರಲಿ. ಏನೂ ಬರದಿದ್ದರೆ ಸೊನ್ನೆ ಎಂದು ಬರೆಯಿರಿ, ಖಾಲಿ ಬಿಡಬೇಡಿ. ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಕಟ್ಟಿಕೊಂಡು ಬನ್ನಿ, ಕಿಂಡಿಯೊಳಗೆ ಬೆಳಕು ಬಿಡಬೇಡಿ. ಹೆಣ್ಣುಮಕ್ಕಳನ್ನು ಮನೆಗೆ ತಲುಪಿಸುವ ಜವಾಬ್ದಾರಿ ನನ್ನದು ಮತ್ತು ವಿಜ್ಞಾನದ ಮೇಷ್ಟ್ರದ್ದು. ಅಮ್ಮಂದಿರು ಜೊತೆಗೆ ಬಂದರೆ ಇನ್ನೂ ಸಂತೋಷ, ಎಣಿಸುವ ಕಣ್ಣುಗಳು ಹೆಚ್ಚಾಗುತ್ತವೆ. ಹೆಸರು ಕೊಡುವವರು ಗುರುವಾರದೊಳಗೆ ಗ್ರಂಥಾಲಯದ ಮೇಜಿನ ಮೇಲಿರುವ ಹಸಿರು ರಿಜಿಸ್ಟರಿನಲ್ಲಿ ಬರೆಯಿರಿ.